ಕ್ಯಾಮೆರಾ ಕೈಯಲ್ಲಿರುವಾಗ ಗಿಡದ ಚಿತ್ರ ಯಾಕೆ ಬಿಡಿಸಬೇಕು?

ಗಿಡದ ಹೆಸರು ಗೊತ್ತಾಗಬೇಕಿದ್ದರೆ ಈಗ ಫೋನ್ ಸಾಕು. ಎಲೆಯದೋ ಹೂವಿನದೋ ಒಂದು ಫೋಟೊ ತೆಗೆದು ಆಪ್‌ಗೆ ಕೊಟ್ಟರೆ ಹೆಸರು ಬಂದುಬಿಡುತ್ತದೆ. ಆದರೂ ಗಿಡದ ಮುಂದೆ ಪೆನ್ಸಿಲ್ ಹಿಡಿದು ಕೂರುವವರು ಕಡಿಮೆಯಾಗಿಲ್ಲ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಇದಕ್ಕೆಂದೇ ವಾರಾಂತ್ಯದ ಕಮ್ಮಟಗಳು ನಡೆಯುತ್ತವೆ. ಕೆಲವು ಶಾಲೆಗಳು ಮಕ್ಕಳ ಕೈಯಲ್ಲಿ ‘ನೇಚರ್ ಜರ್ನಲ್’ ಮಾಡಿಸುತ್ತವೆ. ಮನೆಯಲ್ಲಿ ಅದನ್ನು ನೋಡುವ ಅಪ್ಪ ಅಮ್ಮನಿಗೆ ಇದು ಡ್ರಾಯಿಂಗ್ ಕ್ಲಾಸಾ, ವಿಜ್ಞಾನದ ಹೋಂವರ್ಕಾ ಅನ್ನುವುದೇ ಸರಿಯಾಗಿ ಗೊತ್ತಾಗುವುದಿಲ್ಲ.

ಎರಡೂ ಹೌದು. ಚಿತ್ರ ಬಿಡಿಸಲು ಬಾರದವರೂ ಇದನ್ನು ಮಾಡಬಹುದು, ವಿಜ್ಞಾನ ಓದದವರೂ ಮಾಡಬಹುದು. ಬೇಕಾಗಿರುವುದು ಒಂದು ಗಿಡವನ್ನು ಸಾವಧಾನವಾಗಿ ನೋಡುವ ಮನಸ್ಸು. ಹೇಗೆ ನೋಡಬೇಕು, ನೋಡಿದ್ದನ್ನು ಕಾಗದಕ್ಕೆ ಹೇಗೆ ಇಳಿಸಬೇಕು, ಅದರಿಂದ ಏನು ಸಿಗುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಹೂವಿನ ಚಿತ್ರ ಬೇರೆ, ಸಸ್ಯಚಿತ್ರ ಬೇರೆ

ಕ್ಯಾಲೆಂಡರಿನಲ್ಲಿ ಬರುವ ಗುಲಾಬಿ ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಎಲೆ ಕಾಂಡಕ್ಕೆ ಎಲ್ಲಿ ಸೇರಿದೆ, ಮುಳ್ಳು ಯಾವ ಕಡೆ ಬಾಗಿದೆ ಎಂದು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಬಿಡಿಸಿದವರಿಗೆ ಅದು ಬೇಕಿರಲಿಲ್ಲ, ಹೂವಿನ ಚೆಲುವು ಸಾಕಿತ್ತು.

ಸಸ್ಯಚಿತ್ರದ ಕೆಲಸ ಬೇರೆ. ಅದನ್ನು ನೋಡಿದವರು ಬೆಟ್ಟದಲ್ಲೋ ಬೇಲಿಯಲ್ಲೋ ಅದೇ ಗಿಡ ಕಂಡಾಗ ಗುರುತು ಹಿಡಿಯಬೇಕು. ಅದನ್ನೇ ಹೋಲುವ ಇನ್ನೊಂದು ಗಿಡ ಪಕ್ಕದಲ್ಲಿದ್ದರೆ ‘ಇದು ಅದಲ್ಲ’ ಎಂದು ಹೇಳುವಂತಿರಬೇಕು. ಹಾಗಾಗಿ ಎಲೆಯ ಅಳತೆ, ನರಗಳು ಹರಡಿದ ರೀತಿ, ಎಸಳಿನ ಲೆಕ್ಕ, ಕಾಯಿಯ ಆಕಾರ ಎಲ್ಲವೂ ಸರಿಯಾಗಿರಬೇಕು. ಚೆಲುವೂ ಬೇಕು, ಆದರೆ ಅದಕ್ಕಾಗಿ ನಿಜವನ್ನು ಬದಲಾಯಿಸುವಂತಿಲ್ಲ. ಆರನೆಯ ಎಸಳು ಹಾಕಿದರೆ ಚೆನ್ನಾಗಿ ಕಾಣುತ್ತದೆ ಎಂದು ಐದೆಸಳಿನ ಹೂವಿಗೆ ಒಂದು ಸೇರಿಸಿದರೆ ಅಲ್ಲಿಗೆ ಅದು ಸಸ್ಯಚಿತ್ರವಾಗಿ ಉಳಿಯುವುದಿಲ್ಲ.

ಇದರಲ್ಲಿ ಎರಡು ಬಗೆ ಇದೆ. ಗಿಡ ಇರುವ ಜಾಗದಲ್ಲೇ ಕೂತು, ಪಕ್ಕದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಾ ಬೇಗ ಬೇಗ ಬಿಡಿಸುವುದು ಸ್ಕೆಚ್. ವಾರಗಟ್ಟಲೆ ಕೂತು, ಗಿಡದ ಬೇರೆ ಬೇರೆ ಭಾಗಗಳನ್ನು ಒಂದೇ ಹಾಳೆಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿ, ಇಂಕಿನಲ್ಲೋ ಜಲವರ್ಣದಲ್ಲೋ ಮುಗಿಸುವುದು ಪೂರ್ಣ ಸಸ್ಯಚಿತ್ರ. ನಮ್ಮಂಥ ಹವ್ಯಾಸಿಗಳು ಮಾಡುವುದು ಹೆಚ್ಚಾಗಿ ಮೊದಲನೆಯದು. ಒಳ್ಳೆಯ ಸ್ಕೆಚ್ ಇಲ್ಲದೆ ಎರಡನೆಯದಂತೂ ಆಗುವುದಿಲ್ಲ.

ಫೋಟೊದಲ್ಲಿ ಸಿಗದೇ ಇರುವುದು

ಫೋಟೊ ಇಷ್ಟು ಸ್ಪಷ್ಟವಾಗಿ ಬರುವಾಗ ಕೈಯಲ್ಲಿ ಬಿಡಿಸುವುದು ಯಾಕೆ? ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ, ಬರಲೇಬೇಕು.

ಮುತ್ತುಗದ ಮರವನ್ನೇ ತಗೊಳ್ಳಿ. ಚಳಿಗಾಲ ಮುಗಿಯುವ ಹೊತ್ತಿಗೆ ಎಲೆ ಉದುರಿಸಿಕೊಂಡು, ಫೆಬ್ರುವರಿ–ಮಾರ್ಚ್‌ನಲ್ಲಿ ಬರಿಯ ಕೊಂಬೆಗಳ ತುಂಬ ಕೇಸರಿ ಬಣ್ಣದ ಹೂ ಬಿಡುತ್ತದೆ. ಆಗ ಫೋಟೊ ತೆಗೆದರೆ ಹೂವು ಸಿಗುತ್ತದೆ, ಎಲೆ ಸಿಗುವುದಿಲ್ಲ. ಊಟದೆಲೆ ಹಚ್ಚಲು ಬಳಸುವ ಆ ಅಗಲವಾದ ಮೂರರ ಎಲೆ ಚಿಗುರಿ ಬಲಿಯುವ ಹೊತ್ತಿಗೆ ಹೂವು ಹೋಗಿರುತ್ತದೆ. ಇನ್ನು ಕಾಯಿ. ಅದು ಚಪ್ಪಟೆ, ತುದಿಯಲ್ಲಿ ಮಾತ್ರ ಒಂದೇ ಒಂದು ಬೀಜ. ಈ ಮೂರನ್ನೂ ಚೆನ್ನಾಗಿ ತೋರಿಸುವ ಒಂದು ಫೋಟೊ ತೆಗೆಯಲು ಆಗುವುದೇ ಇಲ್ಲ, ಅಲ್ವಾ? ಚಿತ್ರ ಬಿಡಿಸುವವರು ಮಾತ್ರ ಫೆಬ್ರುವರಿಯಲ್ಲಿ ಹೂವು ಬಿಡಿಸಿ, ಅದೇ ಹಾಳೆಯಲ್ಲಿ ಜಾಗ ಬಿಟ್ಟು, ಆಮೇಲೆ ಬಂದು ಎಲೆಯನ್ನೂ ಕಾಯಿಯನ್ನೂ ಸೇರಿಸುತ್ತಾರೆ. ವರ್ಷದ ಬೇರೆ ಬೇರೆ ಕಾಲ ಒಂದೇ ಪುಟಕ್ಕೆ ಬಂದು ಕೂರುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳಬೇಕು. ಒಂದೇ ಬಗೆಯ ಗಿಡಗಳ ಗುಂಪಿಗೆ ವಿಜ್ಞಾನದಲ್ಲಿ ಪ್ರಭೇದ ಎನ್ನುತ್ತಾರೆ. ಮಾವು ಒಂದು ಪ್ರಭೇದ. ನಿಮ್ಮ ಹಿತ್ತಲಿನ ಮಾವಿನಮರ ಆ ಪ್ರಭೇದದ ಒಂದು ಮರ, ಅಷ್ಟೇ. ಫೋಟೊದಲ್ಲಿ ಬರುವುದು ಆ ಒಂದು ಮರ, ಆ ಹೊತ್ತಿನಲ್ಲಿ, ಆ ಬೆಳಕಿನಲ್ಲಿ ಹೇಗಿತ್ತೋ ಹಾಗೆ. ಹುಳ ತಿಂದ ಎಲೆ, ಮೇಲೆ ಬಿದ್ದ ನೆರಳು, ಹಿಂದಿನ ಕಾಂಪೌಂಡು ಎಲ್ಲವೂ ಅದರಲ್ಲಿ ಬರುತ್ತದೆ. ಸಸ್ಯಚಿತ್ರ ಬಿಡಿಸುವವರು ಹತ್ತಾರು ಎಲೆ ನೋಡಿ, ಆ ಪ್ರಭೇದದ ಎಲೆ ಸಾಮಾನ್ಯವಾಗಿ ಹೇಗಿರುತ್ತದೆ ಎಂದು ಅರ್ಥ ಮಾಡಿಕೊಂಡು ಬಿಡಿಸುತ್ತಾರೆ. ಮನೆಯ ಫೋಟೊಗೂ ಮನೆಯ ಪ್ಲಾನಿಗೂ ಇರುವ ವ್ಯತ್ಯಾಸ ಇದು. ಫೋಟೊ ನೋಡಿದರೆ ಮನೆ ಎಷ್ಟು ಚೆಂದ ಎಂದು ಗೊತ್ತಾಗುತ್ತದೆ. ಅಡುಗೆಮನೆ ಎಲ್ಲಿದೆ, ಎಷ್ಟು ಅಡಿ ಇದೆ ಎಂದು ಗೊತ್ತಾಗಲು ಪ್ಲಾನೇ ಬೇಕು.

ಕಾಡಿನ ದೊಡ್ಡ ಮರಗಳ ಕಷ್ಟ ಇನ್ನೊಂದು ಥರ. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ನಿಂತು ಒಂದು ಮರವನ್ನು ಬುಡದಿಂದ ತುದಿಯವರೆಗೆ ಫೋಟೊ ತೆಗೆಯಲು ನೋಡಿ. ಹಿಂದೆ ಸರಿಯಲು ಜಾಗವಿರುವುದಿಲ್ಲ, ಸರಿದರೆ ನಡುವೆ ಬೇರೆ ಮರಗಳು ಬರುತ್ತವೆ. ಬೆಂಗಳೂರಿನ ಕಲಾವಿದೆ ನಿರುಪಾ ರಾವ್ ಪಶ್ಚಿಮ ಘಟ್ಟದ ಹೆಮ್ಮರಗಳನ್ನು ಸಸ್ಯ ಬಲ್ಲವರ ಜೊತೆ ಸೇರಿ ಜಲವರ್ಣದಲ್ಲಿ ಬಿಡಿಸಿದ್ದಾರೆ. ಆ ಚಿತ್ರಗಳಲ್ಲಿ ಸುತ್ತಲಿನ ಹಸಿರು ಸರಿದು ಒಂದೇ ಮರ ಇಡಿಯಾಗಿ ಎದ್ದು ನಿಲ್ಲುತ್ತದೆ. ಕಾಡಿನೊಳಗೆ ನಿಂತವರಿಗೂ ಹಾಗೆ ಕಾಣುವುದಿಲ್ಲ.

ಒಣಗಿಸಿ ಇಟ್ಟ ಗಿಡ ಇದ್ದರೆ ಸಾಲದಾ ಎಂದೂ ಕೇಳಬಹುದು. ಗಿಡದ ಕೊಂಬೆಯನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಯಾವ ಊರಲ್ಲಿ ಯಾವ ದಿನ ಸಿಕ್ಕಿತು ಎಂದು ಬರೆದಿಡುವ ಸಂಗ್ರಹಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಅದು ವಿಜ್ಞಾನಕ್ಕೆ ಬೇಕೇ ಬೇಕು. ಆದರೆ ಒಣಗಿದ ಮೇಲೆ ಬಣ್ಣ ಹೋಗುತ್ತದೆ, ದಪ್ಪ ಹೂವು ಚಪ್ಪಟೆಯಾಗುತ್ತದೆ. ಕೊಂಬೆ ನೇರ ನಿಂತಿತ್ತೋ ಬಾಗಿತ್ತೋ ತಿಳಿಯುವುದಿಲ್ಲ. ಒಣಗಿದ ಗಿಡ ಕಳೆದುಕೊಂಡದ್ದನ್ನು ಚಿತ್ರ ಉಳಿಸಿಕೊಡುತ್ತದೆ.

ಫೋಟೊ ಬೇಡ ಎಂದು ಇದರ ಅರ್ಥವಲ್ಲ. ಹೂವು ಬಾಡುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಜಾಣತನವೇ. ಆದರೆ ಫೋಟೊ ನೋಡಿಕೊಂಡೇ ಪೂರ್ತಿ ಚಿತ್ರ ಬಿಡಿಸಿದರೆ ಅದರಲ್ಲಿ ಮಸುಕಾಗಿದ್ದದ್ದು ನಿಮ್ಮ ಚಿತ್ರದಲ್ಲೂ ಮಸುಕಾಗಿಯೇ ಉಳಿಯುತ್ತದೆ. ಎಲೆಯನ್ನು ತಿರುಗಿಸಿ ಅದರ ಬೆನ್ನು ನೋಡುವುದು ಫೋಟೊದಲ್ಲಿ ಆಗುವುದಿಲ್ಲ.

ಒಂದು ದಾಸವಾಳವನ್ನು ಕೈಯಲ್ಲಿ ಹಿಡಿದರೆ

ಹೈಸ್ಕೂಲಿನಲ್ಲಿ ದಾಸವಾಳದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸದವರು ಕಡಿಮೆ. ಆದರೆ ನಮ್ಮಲ್ಲಿ ಹೆಚ್ಚಿನವರು ಅದನ್ನು ಪುಸ್ತಕ ನೋಡಿ ಬಿಡಿಸಿದವರು, ಹೂವು ನೋಡಿ ಅಲ್ಲ. ಹಾಗಾಗಿ ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಯಿತು. ಈ ಸಲ ಹೂವನ್ನೇ ಹಿಡಿದು ನೋಡೋಣ. ಒಂಟಿ ಸುತ್ತಿನ, ಐದೆಸಳಿನ ಕೆಂಪು ದಾಸವಾಳ ಬೇಕು. ಮುದ್ದೆ ದಾಸವಾಳ ಬೇಡ. ಅದರಲ್ಲಿ ಕೇಸರಗಳು, ಅಂದರೆ ಪರಾಗ ಹೊರುವ ಗಂಡು ಭಾಗಗಳು, ಎಸಳಿನಂತೆ ಮಾರ್ಪಟ್ಟಿರುವುದರಿಂದ ಭಾಗಗಳು ಸರಿಯಾಗಿ ಕಾಣುವುದಿಲ್ಲ.

ಮೊದಲು ಹೂವನ್ನು ಮಗುಚಿ ಹಿಡಿಯಿರಿ. ಎಲ್ಲರೂ ಎಸಳಿನಿಂದ ಶುರು ಮಾಡುತ್ತಾರೆ, ನಾವು ಬೆನ್ನಿನಿಂದ ಶುರು ಮಾಡೋಣ. ಎಸಳುಗಳ ಬುಡವನ್ನು ಒಂದು ಹಸಿರು ಬಟ್ಟಲು ಹಿಡಿದುಕೊಂಡಿದೆ. ಅದರ ಅಂಚಿಗೆ ಐದು ಚೂಪು. ಅದರ ಕೆಳಗೆ ಇನ್ನೊಂದು ಸುತ್ತು ಇದೆ, ಸಪೂರವಾದ ಪುಟ್ಟ ಹಸಿರು ಎಸಳುಗಳದ್ದು. ಈ ಕೆಳಗಿನ ಸುತ್ತನ್ನು ದಿನಾ ದೇವರಿಗೆ ದಾಸವಾಳ ಏರಿಸುವವರೂ ಎಷ್ಟೋ ಜನ ಗಮನಿಸಿರುವುದಿಲ್ಲ. ಎಣಿಸಿ, ಎಣಿಸಿದ್ದನ್ನು ಬರೆಯಿರಿ. ಇನ್ನೊಂದು ಹೂವಿನಲ್ಲಿ ಲೆಕ್ಕ ಒಂದು ಹೆಚ್ಚು ಕಡಿಮೆ ಬಂದರೆ ಅದನ್ನೂ ಬರೆಯಿರಿ.

ಈಗ ಎಸಳು. ಐದೂ ಒಂದರ ಮೇಲೊಂದು ಹೇಗೆ ಕೂತಿವೆ ನೋಡಿ. ಪ್ರತಿಯೊಂದು ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಇನ್ನೊಂದು ಪಕ್ಕದ ಎಸಳಿನ ಕೆಳಗೆ. ಸುತ್ತಲೂ ಅದೇ ಕ್ರಮ. ಪೂರ್ತಿ ಮೇಲೆ ಇರುವ ಎಸಳಾಗಲಿ, ಪೂರ್ತಿ ಕೆಳಗಿರುವ ಎಸಳಾಗಲಿ ಇಲ್ಲ. ಅರಳುವ ಮುಂಚಿನ ಮೊಗ್ಗು ತಿರುಚಿದಂತೆ ಇರುವುದು ಇದೇ ಕಾರಣಕ್ಕೆ. ಅಂದಾಜಿನಲ್ಲಿ ಬಿಡಿಸಿದರೆ ಇದು ತಪ್ಪಿಯೇ ತಪ್ಪುತ್ತದೆ. ಎರಡೆಸಳು ಮೇಲೆ, ಮೂರು ಕೆಳಗೆ ಹಾಕಿಬಿಡುತ್ತೇವೆ.

ನಡುವಿನಿಂದ ಉದ್ದವಾಗಿ ಚಾಚಿದ ದಂಟಿಗೆ ಬನ್ನಿ. ಬೇರೆ ಹೂವುಗಳಲ್ಲಿ ಕೇಸರಗಳು ಬಿಡಿಬಿಡಿಯಾಗಿ ನಿಂತಿರುವುದು ಹೆಚ್ಚು. ದಾಸವಾಳದಲ್ಲಿ ಅವುಗಳ ಬುಡವೆಲ್ಲ ಕೂಡಿಕೊಂಡು ಒಂದು ಕೊಳವೆಯಾಗಿದೆ. ಕೊಳವೆಯ ಮೇಲ್ಭಾಗದಲ್ಲಿ ಸುತ್ತಲೂ ಹಳದಿ ಪರಾಗದ ಚೀಲಗಳು. ಆ ಕೊಳವೆಯ ಒಳಗಿನಿಂದ ಹೆಣ್ಣು ಭಾಗದ ಎಳೆ ತೂರಿಕೊಂಡು ಹೊರಬಂದು, ತುದಿಯಲ್ಲಿ ಐದಾಗಿ ಕವಲೊಡೆದು, ಐದು ಪುಟ್ಟ ಕೆಂಪು ಗುಂಡುಗಳಲ್ಲಿ ಮುಗಿಯುತ್ತದೆ. ಬ್ಲೇಡಿನಲ್ಲಿ ಹೂವನ್ನು ಉದ್ದಕ್ಕೆ ಸೀಳಿದರೆ ಎಳೆಯ ಜಾಡು ಹಿಡಿದು ಕೆಳಗಿನವರೆಗೆ ಹೋಗಬಹುದು. ಬುಡದಲ್ಲಿ ಅಂಡಾಶಯ ಇದೆ. ಅದನ್ನು ಅಡ್ಡಕ್ಕೆ ಕೊಯ್ದರೆ ಐದು ಕೋಣೆ ಕಾಣುತ್ತವೆ. ಎಸಳು ಐದು, ಬಟ್ಟಲಿನ ಚೂಪು ಐದು, ತುದಿಯ ಗುಂಡು ಐದು, ಒಳಗಿನ ಕೋಣೆ ಐದು.

ಇಷ್ಟನ್ನು ಒಮ್ಮೆ ಕೈಯಲ್ಲಿ ಬಿಡಿಸಿದವರಿಗೆ ಒಂದು ಲಾಭ ಕಾದಿದೆ. ಬೆಂಡೆಯ ಹೂವು ಕಂಡ ಕೂಡಲೇ ಕಣ್ಣು ಆ ಕೊಳವೆಯ ಮೇಲೆ ಹೋಗುತ್ತದೆ. ಹಳದಿ ಹೂವು, ನಡುವೆ ಗಾಢ ಕೆಂಪು, ಆದರೆ ರಚನೆ ಅದೇ. ಹತ್ತಿಯ ಹೂವಿನಲ್ಲೂ ಅದೇ, ಹೂವರಸಿಯಲ್ಲೂ ಅದೇ. ಇವೆಲ್ಲ ಒಂದೇ ಕುಟುಂಬದ ಗಿಡಗಳು. ದಾಸವಾಳದ ಎಲೆ ಜಜ್ಜಿದರೂ ಬೆಂಡೆಕಾಯಿ ಹೆಚ್ಚಿದರೂ ಲೋಳೆ ಬರುವುದು ಈ ನಂಟಿನಿಂದಲೇ. ಕುಟುಂಬ ಎಂದರೇನು ಎಂದು ಪಾಠ ಮಾಡಿ ತಿಳಿಸುವುದಕ್ಕಿಂತ ಹೀಗೆ ಬಿಡಿಸಿ ತಿಳಿಯುವುದು ನನಗಂತೂ ಎಷ್ಟೋ ಮೇಲು ಅನ್ನಿಸುತ್ತದೆ.

ಪೆನ್ಸಿಲ್ ಹಿಡಿದ ಕೂಡಲೇ ಪ್ರಶ್ನೆಗಳು ತಾವಾಗಿ ಹುಟ್ಟುವುದು ಎಲ್ಲ ಗಿಡಕ್ಕೂ ನಿಜ. ತುಳಸಿಯ ಕಾಂಡ ಬಿಡಿಸುವಾಗ ಅದು ದುಂಡಗಿದೆಯಾ ಎಂದು ಕೇಳಿಕೊಳ್ಳಲೇಬೇಕು. ಎಳೆಯ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ತಾಗುತ್ತವೆ. ಎಲೆಗಳು ಎದುರುಬದುರು ಜೋಡಿಯಾಗಿವೆ, ಮೇಲಿನ ಜೋಡಿ ಕೆಳಗಿನ ಜೋಡಿಗೆ ಅಡ್ಡಲಾಗಿ ಕೂತಿದೆ. ತುಂಬೆ ಗಿಡ ಹಿಡಿದು ನೋಡಿ, ಅಲ್ಲೂ ಹಾಗೆಯೇ. ಇನ್ನು ಗೌರಿ ಹಬ್ಬದ ಹೊತ್ತಿಗೆ ಮಲೆನಾಡಿನ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆ. ಅದರ ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಎಸಳುಗಳು ಹಿಂದಕ್ಕೆ ಮಡಚಿ ಮೇಲಕ್ಕೆ ನಿಲ್ಲುತ್ತವೆ. ಹೆಣ್ಣು ಭಾಗದ ಎಳೆ ಬುಡದಲ್ಲೇ ಪಕ್ಕಕ್ಕೆ ಮುರಿದಂತೆ ಬಾಗಿರುತ್ತದೆ. ಅರಳಿದಾಗ ಹಸಿರು ಬೆರೆತ ಹಳದಿ, ದಿನ ಕಳೆದಂತೆ ಕೆಂಪು. ಇದನ್ನು ಬಿಡಿಸುವಾಗ ಮಾತ್ರ ಹುಷಾರು. ಗಿಡದ ಎಲ್ಲ ಭಾಗವೂ ವಿಷ. ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆದುಕೊಳ್ಳಬೇಕು.

ಕೊಚ್ಚಿಯಿಂದ ಶಿವಮೊಗ್ಗ, ಶಿವಮೊಗ್ಗದಿಂದ ಲಾಲ್‌ಬಾಗ್

ಇದು ಈಗಿನ ಫ್ಯಾಷನ್ ಅಲ್ಲ. ನಮ್ಮ ಕಡೆಯ ಗಿಡಗಳ ಚಿತ್ರಕ್ಕೆ ಮುನ್ನೂರು ವರ್ಷ ಮೀರಿದ ಇತಿಹಾಸ ಇದೆ.

17ನೇ ಶತಮಾನದಲ್ಲಿ ಕೊಚ್ಚಿ ಡಚ್ಚರ ಕೈಯಲ್ಲಿತ್ತು. ಅಲ್ಲಿನ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ದೊಡ್ಡ ಗ್ರಂಥವೊಂದನ್ನು ಮಾಡಿಸಿದರು. ಅದೇ ‘ಹಾರ್ಟಸ್ ಮಲಬಾರಿಕಸ್’. 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ ಏಳುನೂರಕ್ಕೂ ಹೆಚ್ಚು ಚಿತ್ರಗಳಿವೆ. ಗಿಡಗಳ ಗುಣ ತಿಳಿಸಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಅಲ್ಲಿರುವ ಎಷ್ಟೋ ಗಿಡಗಳು ನಮ್ಮ ಕರಾವಳಿಯ ಹಿತ್ತಲಲ್ಲೂ ಇರುವಂಥವೇ.

ಆಮೇಲೆ ಬ್ರಿಟಿಷರ ಕಾಲ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಲ್ಲಿ ಹಲವರಿಗೆ ಸಸ್ಯಗಳ ಹುಚ್ಚು. ಆಗ ಔಷಧಿ ಬರುತ್ತಿದ್ದದ್ದೇ ಹೆಚ್ಚಾಗಿ ಗಿಡಗಳಿಂದ, ಹಾಗಾಗಿ ವೈದ್ಯರಾಗುವವರು ಸಸ್ಯಶಾಸ್ತ್ರ ಕಲಿಯಲೇಬೇಕಿತ್ತು. ಆದರೆ ಚಿತ್ರ ಬಿಡಿಸಲು ಅವರು ನೆಚ್ಚಿಕೊಂಡದ್ದು ಇಲ್ಲಿನ ಚಿತ್ರಕಾರರನ್ನು. ಮದ್ರಾಸ್ ಪ್ರಾಂತದಲ್ಲಿದ್ದ ರಾಬರ್ಟ್ ವೈಟ್ 1838ರಿಂದ 1853ರ ನಡುವೆ ದಕ್ಷಿಣ ಭಾರತದ ಸಸ್ಯಗಳ ಎರಡು ಸಾವಿರಕ್ಕೂ ಹೆಚ್ಚು ಚಿತ್ರಫಲಕಗಳನ್ನು ಅಚ್ಚು ಹಾಕಿಸಿದರು. ಆ ಕೆಲಸದ ಬೆನ್ನೆಲುಬಾಗಿದ್ದವರು ರಂಗಯ್ಯ ಮತ್ತು ಗೋವಿಂದು ಎಂಬ ಇಬ್ಬರು ಚಿತ್ರಕಾರರು. ಗೋವಿಂದು ಅವರ ಕೆಲಸಕ್ಕೆ ಗೌರವವಾಗಿ ವೈಟ್ ಒಂದು ಆರ್ಕಿಡ್ ಕುಲಕ್ಕೆ, ಅಂದರೆ ಹತ್ತಿರದ ಪ್ರಭೇದಗಳನ್ನು ಸೇರಿಸಿದ ಗುಂಪಿಗೆ, ‘ಗೋವಿಂದೂಯಾ’ ಎಂದೇ ಹೆಸರಿಟ್ಟರು. ಈಗ ಆ ಗಿಡವನ್ನು ಬೇರೆ ಕುಲಕ್ಕೆ ಸೇರಿಸಿದ್ದಾರೆ. ಆದರೂ ಹಿಂದಿನಿಂದ ನಡೆದುಬಂದ ಹೆಸರುಗಳ ಪಟ್ಟಿಯಲ್ಲಿ ಗೋವಿಂದು ಇದ್ದಾರೆ. ಆ ಕಾಲದ ಇಂಥ ಎಷ್ಟೋ ಚಿತ್ರಗಳನ್ನು ಬಿಡಿಸಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಬರೆಸಿದವರ ಹೆಸರು ಮಾತ್ರ ಉಳಿಯಿತು. ಇದು ಬೇಸರದ ಸಂಗತಿ.

ಕರ್ನಾಟಕದ ಕಥೆ ಶಿವಮೊಗ್ಗದಲ್ಲಿ ಸಿಗುತ್ತದೆ. 1840ರ ದಶಕದಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟಿಷ್ ವೈದ್ಯರು ಅಲ್ಲಿ ಕೆಲಸದ ಮೇಲಿದ್ದರು. ಕ್ಲೆಗಾರ್ನ್ ಅವರಿಗೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಲಿಯಂ ಹೂಕರ್ ಒಂದು ಸಲಹೆ ಕೊಟ್ಟಿದ್ದರು: ದಿನಕ್ಕೆ ಒಂದು ಗಿಡವನ್ನು ಕಾಲು ಗಂಟೆ ನೋಡಿ. ಕ್ಲೆಗಾರ್ನ್ ಅದನ್ನು ಪಾಲಿಸಿದರು. ಜೊತೆಗೆ ಸ್ಥಳೀಯ ಚಿತ್ರಕಾರರೊಬ್ಬರನ್ನು ಇಟ್ಟುಕೊಂಡು ಗಿಡಗಳ ಚಿತ್ರ ಬರೆಸಿದರು. ಅವರ ಸಂಗ್ರಹ ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿದೆ. ಮಲೆನಾಡಿನ ಬೇಲಿ, ಗದ್ದೆ, ಕಾಡಂಚಿನ ಗಿಡಗಳು ಅಷ್ಟು ದೂರ ಹೋಗಿ ಕೂತಿವೆ. ದಿನಕ್ಕೊಂದು ಗಿಡ, ಕಾಲು ಗಂಟೆ ಎಂಬ ಆ ಲೆಕ್ಕ ಇವತ್ತಿನ ಹವ್ಯಾಸಿಗೂ ಸರಿಯಾಗಿ ಹೊಂದುತ್ತದೆ.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. ಅದರ ಹಿಂದೆಯೂ ಕ್ಲೆಗಾರ್ನ್ ಅವರ ಸಲಹೆ ಇತ್ತು. ಮುಂದೆ ಜಾನ್ ಕ್ಯಾಮೆರಾನ್ ಅಲ್ಲಿನ ಮೇಲ್ವಿಚಾರಕರಾದರು. ನಾವು ಸಾಂಬಾರಿಗೆ ಹಾಕುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದವರು ಅವರೇ ಎನ್ನುತ್ತಾರೆ. ಅವರ ಕಾಲದಲ್ಲಿ, 1880ರ ದಶಕದಲ್ಲಿ, ಲಾಲ್‌ಬಾಗ್‌ನ ಗಿಡಗಳ ಚಿತ್ರ ಬಿಡಿಸಲು ಚೆಲುವಯ್ಯ ರಾಜು ಎಂಬ ಚಿತ್ರಕಾರರು ನೇಮಕವಾದರು. ಹೊರದೇಶದಿಂದ ಹೊಸ ಗಿಡಗಳು ಬಂದು ಬೇರೂರುತ್ತಿದ್ದ ಕಾಲ ಅದು. ಯಾವುದು ಹೇಗೆ ಹೂ ಬಿಟ್ಟಿತು, ಹೇಗೆ ಕಾಯಿ ಕಟ್ಟಿತು ಎಂಬುದಕ್ಕೆ ಆ ಜಲವರ್ಣದ ಹಾಳೆಗಳೇ ದಾಖಲೆ.

ಚಿತ್ರವೇ ಸಾಕ್ಷಿಯಾಗುವುದು ಹೇಗೆ?

ಪ್ರತಿ ಗಿಡಕ್ಕೂ ವಿಜ್ಞಾನದಲ್ಲಿ ಎರಡು ಪದದ ಒಂದು ಹೆಸರಿದೆ. ದಾಸವಾಳ ಎಂದರೆ ಹೈಬಿಸ್ಕಸ್ ರೋಸಾ-ಸೈನೆನ್ಸಿಸ್. ಈ ಪದ್ಧತಿಯನ್ನು ಸಸ್ಯಗಳಿಗೆ ನೆಲೆಗೊಳಿಸಿದವರು ಸ್ವೀಡನ್ನಿನ ಕಾರ್ಲ್ ಲಿನೇಯಸ್. 1753ರ ಅವರ ಗ್ರಂಥದಿಂದಲೇ ಈಗಿನ ಸಸ್ಯನಾಮಗಳ ಲೆಕ್ಕ ಶುರು.

ಹೆಸರು ಇಟ್ಟರೆ ಮುಗಿಯಲಿಲ್ಲ. ಆ ಹೆಸರು ನಿಖರವಾಗಿ ಯಾವ ಗಿಡದ್ದು ಎಂದು ಜಗಳ ಬಂದಾಗ ತೋರಿಸಲು ಒಂದು ಆಧಾರ ಬೇಕು. ಅದನ್ನು ‘ಟೈಪ್’ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಹರ್ಬೇರಿಯಂನಲ್ಲಿ ಇಟ್ಟ ಒಣಗಿದ ಕೊಂಬೆ. ಆದರೆ ಲಿನೇಯಸ್ ಭಾರತಕ್ಕೆ ಬಂದವರೇ ಅಲ್ಲ. ಇಲ್ಲಿನ ಹಲವು ಗಿಡಗಳನ್ನು ಅವರು ತಿಳಿದುಕೊಂಡದ್ದು ಹಾರ್ಟಸ್ ಮಲಬಾರಿಕಸ್‌ನ ಚಿತ್ರಗಳಿಂದ. ಹಾಗಾಗಿ ಅಂಥ ಕೆಲವು ಹೆಸರುಗಳಿಗೆ ಇವತ್ತಿಗೂ ಆ ಗ್ರಂಥದ ಚಿತ್ರವೇ ಟೈಪ್. ಗಿಡ ಇಲ್ಲ, ಕೊಂಬೆ ಇಲ್ಲ, ಯಾರೋ ಕೂತು ನೋಡಿ ಬಿಡಿಸಿದ ಗೆರೆಗಳೇ ಕೊನೆಯ ಸಾಕ್ಷಿ. ಆ ಗೆರೆಗಳಲ್ಲಿ ಎಲೆಯ ಜೋಡಣೆ ತಪ್ಪಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಆ ಕೆಲಸದ ತೂಕ ಗೊತ್ತಾಗುತ್ತದೆ.

ಈಗ ನಿಯಮ ಬದಲಾಗಿದೆ. 2007ರ ಜನವರಿ 1ರಿಂದ ಹೊಸ ಗಿಡಕ್ಕೆ ಹೆಸರಿಡುವಾಗ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಟೈಪ್ ಆಗಿ ಗಿಡದ ನಿಜವಾದ ಮಾದರಿಯೇ ಬೇಕು. ಚಿತ್ರದ ಕೆಲಸವಂತೂ ನಿಂತಿಲ್ಲ. ಹೊಸ ಪ್ರಭೇದ ಸಿಕ್ಕಿದೆ ಎಂದು ಬರೆಯುವ ವಿಜ್ಞಾನಿಗಳು ಫೋಟೊ ಜೊತೆಗೆ ಕಪ್ಪು-ಬಿಳುಪು ರೇಖಾಚಿತ್ರವನ್ನೂ ಕೊಡುವುದು ಈಗಲೂ ರೂಢಿ.

ಶುರು ಮಾಡುವವರಿಗೆ

ದುಬಾರಿ ಸಾಮಾನು ಬೇಡ. ಬಿಳಿಯ, ನುಣುಪಾದ, ಸ್ವಲ್ಪ ದಪ್ಪದ ಹಾಳೆ. ಒಂದು ಎಚ್‌ಬಿ, ಒಂದು 2ಎಚ್ ಪೆನ್ಸಿಲ್. ರಬ್ಬರು, ಸ್ಕೇಲು, ಹಳೆಯ ಜಾಮಿಟ್ರಿ ಬಾಕ್ಸಿನಲ್ಲಿರುವ ಡಿವೈಡರು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಲೆನ್ಸ್ ಇದ್ದರೆ ಬಹಳ ಒಳ್ಳೆಯದು. ಎಲೆಯ ಮೇಲಿನ ರೋಮ, ಪರಾಗದ ಚೀಲ ಎಲ್ಲ ಅದರಲ್ಲಿ ಕಾಣುತ್ತದೆ.

ಕೂತ ಕೂಡಲೇ ಗೆರೆ ಎಳೆಯಬೇಡಿ. ಮೊದಲು ಸುಮ್ನೆ ನೋಡಿ. ಎಲೆಗಳು ಒಂದೊಂದಾಗಿ ಇವೆಯಾ, ಜೋಡಿಯಾ, ಸುತ್ತಲೂ ಇವೆಯಾ? ಅಂಚು ನಯವಾಗಿದೆಯಾ, ಹಲ್ಲು ಹಲ್ಲಾಗಿದೆಯಾ? ಉತ್ತರಗಳನ್ನು ಹಾಳೆಯ ಬದಿಯಲ್ಲಿ ಬರೆಯಿರಿ. ಹೂವು ಇದ್ದರೆ ಹೂವಿನಿಂದಲೇ ಶುರು ಮಾಡಿ. ದಾಸವಾಳ ಬೆಳಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಎಲೆ ನಾಳೆಯೂ ಇರುತ್ತದೆ.

ಅಳತೆ ಬಹಳ ಮುಖ್ಯ. ಡಿವೈಡರಿನ ಎರಡು ಮೊನೆಗಳನ್ನು ಎಲೆಯ ಎರಡು ತುದಿಗೆ ಹಿಡಿದು, ಅದೇ ಅಗಲವನ್ನು ಹಾಳೆಯ ಮೇಲೆ ಗುರುತು ಮಾಡಿ. ಆದಷ್ಟೂ ಗಿಡ ಇರುವಷ್ಟೇ ದೊಡ್ಡದಾಗಿ ಬಿಡಿಸುವುದು ಸುಲಭ, ಲೆಕ್ಕ ತಪ್ಪುವುದಿಲ್ಲ. ಚಿಕ್ಕದು ದೊಡ್ಡದು ಮಾಡಿದರೆ ಪಕ್ಕದಲ್ಲಿ ಒಂದು ಗೆರೆ ಎಳೆದು ‘ಇಷ್ಟು ಉದ್ದ ಎಂದರೆ 1 ಸೆಂ.ಮೀ.’ ಎಂದು ತಪ್ಪದೆ ಬರೆಯಬೇಕು.

ಹೊಸಬರ ಕೈ ಹೆಚ್ಚು ತಪ್ಪುವುದು ಎರಡು ಕಡೆ. ಒಂದು, ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಗಿಣ್ಣು. ಅಲ್ಲಿ ಮೊಗ್ಗು ಇರುತ್ತದೆ, ಚಿಕ್ಕ ಎಸಳು ಇರುತ್ತದೆ, ಉಬ್ಬು ಇರುತ್ತದೆ. ಗಿಡದ ಗುರುತೇ ಎಷ್ಟೋ ಸಲ ಅಲ್ಲಿರುತ್ತದೆ. ಅದನ್ನು ಒಂದು ಗೆರೆಯಲ್ಲಿ ಹಾರಿಸಿಬಿಟ್ಟರೆ ಎಲೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಇನ್ನೊಂದು, ಮಡಚಿದ ಎಲೆ. ಎಲೆ ಬಾಗಿದಾಗ ನಡುವಿನ ನರದ ಒಂದು ತುಂಡು ಕಣ್ಣಿಗೆ ಮರೆಯಾಗುತ್ತದೆ. ಮೊದಲು ನಡುನರವನ್ನು ಬುಡದಿಂದ ತುದಿಯವರೆಗೆ ಎಲ್ಲೂ ಮುರಿಯದಂತೆ ತೆಳುವಾಗಿ ಎಳೆದುಕೊಂಡು, ಆಮೇಲೆ ಅಂಚು ಬಿಡಿಸಿ, ಮರೆಯಾದ ತುಂಡನ್ನು ಒರೆಸಿ. ಎಲೆ ತಾನಾಗಿ ಸರಿಯಾಗಿ ಬಾಗುತ್ತದೆ.

ನೆರಳಿಗೆ ಒಂದು ಕಟ್ಟುಪಾಡಿದೆ. ಬೆಳಕು ಎಡಗಡೆ ಮೇಲಿನಿಂದ ಬರುತ್ತಿದೆ ಎಂದುಕೊಂಡು ಬಿಡಿಸಬೇಕು. ಎಲ್ಲರೂ ಹಾಗೆ ಮಾಡಿದರೆ ಯಾವುದು ಉಬ್ಬು, ಯಾವುದು ತಗ್ಗು ಎಂದು ನೋಡುವವರಿಗೆ ಗೊಂದಲವಾಗುವುದಿಲ್ಲ. ಇಂಕಿನ ಚಿತ್ರದಲ್ಲಿ ನೆರಳನ್ನು ಉಜ್ಜಿ ಹರಡುವುದಿಲ್ಲ, ಚುಕ್ಕಿ ಚುಕ್ಕಿಯಾಗಿ ಇಡುತ್ತಾರೆ. ಚುಕ್ಕಿ ಹತ್ತಿರ ಬಂದಷ್ಟೂ ಕಪ್ಪು. ಚಿತ್ರವನ್ನು ಚಿಕ್ಕದು ಮಾಡಿ ಅಚ್ಚು ಹಾಕಿದರೂ ಚುಕ್ಕಿಗಳು ಕಲಸಿಹೋಗುವುದಿಲ್ಲ ಎಂಬುದು ಇದರ ಅನುಕೂಲ.

ಬಣ್ಣ ಹಾಕುವ ಆಸೆ ಇದ್ದರೆ ಜಲವರ್ಣವೇ ಸರಿ. ಟ್ಯೂಬಿನಿಂದ ನೇರ ತೆಗೆದ ಹಸಿರು ಪ್ಲಾಸ್ಟಿಕ್ ಗಿಡದಂತೆ ಕಾಣುತ್ತದೆ. ಹಳದಿಗೆ ನೀಲಿ ಬೆರೆಸಿ ಹಸಿರು ಮಾಡಿಕೊಳ್ಳಿ, ತುಂಬ ಹೊಳೆದರೆ ಒಂದು ಹನಿ ಕೆಂಪು ಹಾಕಿ, ತಗ್ಗುತ್ತದೆ. ದಾಸವಾಳದ ಎಲೆಯ ಮಿಂಚಿಗೆ ಬಿಳಿ ಬಣ್ಣ ಬೇಕಿಲ್ಲ. ಆ ಜಾಗದಲ್ಲಿ ಬಣ್ಣ ಹಾಕದೆ ಹಾಳೆಯನ್ನೇ ಬಿಟ್ಟರೆ ಸಾಕು. ಕೆಂಪು ಎಸಳಿನ ವಿಷಯದಲ್ಲಿ ಕೈಯೇ ಫೋನಿಗಿಂತ ಮುಂದೆ. ಫೋನಿನಲ್ಲಿ ಗಾಢ ಕೆಂಪು ಹೂವು ಒಂದೇ ಬಣ್ಣದ ಮುದ್ದೆಯಾಗಿ ಬರುವುದು ಜಾಸ್ತಿ. ಎಸಳಿನ ನರಗಳು ಕಣ್ಣಿಗೆ ಕಾಣುವಷ್ಟು ಅದರಲ್ಲಿ ಕಾಣುವುದಿಲ್ಲ.

ಕೊನೆಗೆ ಬರಹ. ದಿನಾಂಕ, ಊರು, ಗಿಡ ಇದ್ದ ಜಾಗ, ಬಿಸಿಲಿತ್ತೋ ನೆರಳೋ, ಯಾವ ಕೀಟ ಬಂದು ಕೂತಿತ್ತು, ಮನೆಯವರು ಆ ಗಿಡಕ್ಕೆ ಏನೆನ್ನುತ್ತಾರೆ. ಊರಿಂದೂರಿಗೆ ಹೆಸರು ಬದಲಾಗುತ್ತದೆ, ಕೇಳಿದ ಹೆಸರನ್ನು ಕೇಳಿದ ಹಾಗೆಯೇ ಬರೆಯಿರಿ. ಹೀಗೆ ವರ್ಷ ವರ್ಷವೂ ಬರೆದರೆ ಅದೇ ಹೊಂಗೆ ಯಾವ ವಾರ ಚಿಗುರಿತು, ಯಾವ ವಾರ ಹೂ ಬಿಟ್ಟಿತು ಎಂಬ ಲೆಕ್ಕ ನಿಮ್ಮ ಪುಸ್ತಕದಲ್ಲೇ ಇರುತ್ತದೆ. ಮರಗಳು ಚಿಗುರುವ, ಹೂಬಿಡುವ ಕಾಲವನ್ನು ಜನರಿಂದಲೇ ಕಲೆಹಾಕುವ ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮ ದೇಶದಲ್ಲಿ ನಡೆಯುತ್ತಿದೆ. ಶಾಲೆಗಳೂ ಅದರಲ್ಲಿ ಸೇರಬಹುದು.

ಕೀಳುವ ಮುಂಚೆ

ಸಸ್ಯಚಿತ್ರಕ್ಕೆ ಗಿಡ ಕೀಳಲೇಬೇಕು ಎಂದಿಲ್ಲ. ಬಿದ್ದ ಹೂವು, ಬಿದ್ದ ಎಲೆ, ಬಿದ್ದ ಕಾಯಿ ಎಷ್ಟೋ ಸಲ ಸಾಕಾಗುತ್ತದೆ. ಸೀಳಿ ನೋಡಬೇಕಾದ ಹೂವನ್ನು ಮನೆಯ ಗಿಡದಿಂದ ತಗೊಳ್ಳಿ. ಸಾರ್ವಜನಿಕ ಉದ್ಯಾನಗಳಲ್ಲಿ ಹೂವು ಕೀಳುವಂತಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿನಿಂದ ಅನುಮತಿಯಿಲ್ಲದೆ ಗಿಡ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಕಡೆ ಗಿಡ ಇರುವಲ್ಲೇ ಕೂತು ಬಿಡಿಸಿ. ಮಕ್ಕಳ ಜೊತೆ ಹೋಗುವುದಾದರೆ ಮನೆಯಂಗಳದ ತುಳಸಿ, ತುಂಬೆ, ದಾಸವಾಳದಿಂದಲೇ ಶುರು ಮಾಡಬಹುದು. ಮೊದಲ ವಾರಕ್ಕೆ ಒಂದು ಎಲೆ ಸಾಕು, ಅದರ ಎರಡೂ ಬದಿ ಬಿಡಿಸಿದರೆ ಕಾಲು ಗಂಟೆ ಹಿಡಿಯುತ್ತದೆ.